ಹಗ್ಗದ ಆಚೆ ತುದಿ

ನಾಲ್ಕು ತಿಂಗಳು ನನ್ನ ಕೆಲಸ ಇಷ್ಟೇ ಇತ್ತು: ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಬರಿಗಾಲಲ್ಲಿ ನಡೆದುಬರುವವರ ಎದುರು, ಒಂದು ಹಗ್ಗದ ತುದಿ ಹಿಡಿದು ಮಣೆಯ ಮೇಲೆ ಕೂರುವುದು. ಅವರು ಎಳೆದರೆ ತುಸು ಸಡಿಲ ಬಿಡಬೇಕು, ಅವರು ತಡೆದು ನಿಂತರೆ ತುಸು ಜಗ್ಗಬೇಕು. ಅವರಿಗೆ ನಾನು ಕಾಣುವುದಿಲ್ಲ. ಕಾಣುವುದು ಕತ್ತಲೆಯ ಹೊಳೆ, ಅರ್ಧಕ್ಕೆ ಮುರಿದ ಕಾಲುಸಂಕ, ಆಚೆ ದಡದಲ್ಲಿ ಲಾಟೀನು ಇಟ್ಟುಕೊಂಡು ಕುಳಿತ ಒಬ್ಬ ಮುದುಕಿ. ಹಗ್ಗ ಎಳೆಯುತ್ತಿರುವವಳು ಅವಳೇ ಎಂದು ಅವರು ನಂಬುತ್ತಾರೆ. ಎಳೆಯುತ್ತಿದ್ದವಳು ನಾನು. ನನ್ನ ಬಳಿ ಲಾಟೀನು ಇರಲಿಲ್ಲ ಎನ್ನುವುದನ್ನು ಬಿಟ್ಟರೆ ಹೋಲಿಕೆಗೇನೂ ಕೊರತೆ ಇರಲಿಲ್ಲ.

ನಾನು ನಾಟಕದವಳು. ಆದರೆ ನಟಿಯಲ್ಲ. ಮೂವತ್ತು ವರ್ಷ ನೇಪಥ್ಯದಲ್ಲಿ ಪರಿಕರಗಳ ಹೊಣೆ ಹೊತ್ತವಳು. ತಗಡು ಅಲ್ಲಾಡಿಸಿ ಗುಡುಗು ತರಿಸಿದ್ದೇನೆ, ಮರಳು ತುಂಬಿದ ಡಬ್ಬ ಉರುಳಿಸಿ ಮಳೆ ಸುರಿಸಿದ್ದೇನೆ, ಥರ್ಮೋಕೋಲಿನ ಬಂಡೆಯನ್ನು ಎತ್ತುವಾಗ ಏದುಸಿರು ಬಿಡುವುದನ್ನು ಎಷ್ಟೋ ಭೀಮಸೇನರಿಗೆ ಕಲಿಸಿದ್ದೇನೆ. ಮಂಡಿ ಸವೆದು ಏಣಿ ಹತ್ತಲಾಗದ ಸ್ಥಿತಿ ಬಂದಾಗ, ಪರಿಚಯದ ಕಲಾವಿದೆಯೊಬ್ಬರು ಕರೆದರು. ಅವರದು ವರ್ಚುವಲ್ ರಿಯಾಲಿಟಿಯ ಕಲಾಕೃತಿ. ಎಂದರೆ, ಕಣ್ಣಿಗೆ ಕಟ್ಟಿದ ಹೆಡ್‌ಸೆಟ್‌ನೊಳಗೆ ಕಂಪ್ಯೂಟರ್ ಕಟ್ಟಿದ ಲೋಕ ಸುತ್ತಲೂ ಕಾಣುವಂಥದ್ದು. ‘ನೋಡುವವರು ಬರೀ ನೋಡಬಾರದು, ಕಾಲಿಗೆ ತಣ್ಣಗಾಗಬೇಕು, ಕೈಗೆ ಭಾರ ತಾಗಬೇಕು. ನನಗೆ ಕಂಪ್ಯೂಟರ್ ಗೊತ್ತು, ಕಲ್ಲು ಮಣ್ಣು ಗೊತ್ತಿಲ್ಲ’ ಎಂದರು. ಕಲ್ಲು ಮಣ್ಣು ನನಗೆ ಗೊತ್ತಿತ್ತು.

ಏಳು ಮೀಟರ್ ಉದ್ದ, ಏಳು ಮೀಟರ್ ಅಗಲದ ಕೋಣೆ. ಒಮ್ಮೆಗೆ ಒಬ್ಬರಿಗೆ ಮಾತ್ರ ಪ್ರವೇಶ, ಹನ್ನೊಂದು ನಿಮಿಷ. ನಾನು ಮಾಡಿಕೊಟ್ಟ ಸಾಮಾನುಗಳ ಪಟ್ಟಿ ಕೇಳಿದರೆ ನಗು ಬಂದೀತು: ಒದ್ದೆ ಜಲ್ಲಿ ಹರವಿದ ಅಗಲವಾದ ತಟ್ಟೆ, ನೆನೆಸಿದ ಗೋಣಿಚೀಲ, ಅಂಚು ಉಜ್ಜಿದ ಒಂದು ಹಲಗೆ, ಎರಡು ಫ್ಯಾನ್, ಗಿಡಕ್ಕೆ ನೀರು ಚಿಮುಕಿಸುವ ಬಾಟಲಿ, ಹಗ್ಗ. ನಾವು ನಾಲ್ವರು. ಒಬ್ಬಳು ಕಂಪ್ಯೂಟರ್ ಮುಂದೆ. ಒಬ್ಬ ಹುಡುಗ ಫ್ಯಾನು ಮತ್ತು ನೀರಿನ ಬಾಟಲಿಗೆ. ಇನ್ನೊಬ್ಬ ನೋಡುಗರ ಬೆನ್ನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ನೆರಳಿನಂತೆ ನಡೆಯುವವನು. ಅವರು ಗೋಡೆಗೆ ತಾಗದ ಹಾಗೆ, ಎಡವದ ಹಾಗೆ ನೋಡಿಕೊಳ್ಳುವುದು ಅವನ ಕೆಲಸ. ಹಗ್ಗಕ್ಕೆ ನಾನು.

ಈ ಕಲೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕಣ್ಣಿನಿಂದ ಶುರುಮಾಡುತ್ತಾರೆ. ಚಿತ್ರ ಎಷ್ಟು ಸ್ಪಷ್ಟ, ನೋಟ ಎಷ್ಟು ವಿಶಾಲ, ಇತ್ಯಾದಿ. ನಾನು ಅಂಗಾಲಿನಿಂದ ಶುರುಮಾಡುತ್ತೇನೆ, ಏಕೆಂದರೆ ಅಲ್ಲಿ ಕುಳಿತು ನಾನು ದಿನವಿಡೀ ನೋಡಿದ್ದು ಅದನ್ನೇ. ಜಲ್ಲಿಯ ಮೇಲೆ ಕಾಲಿಟ್ಟ ಕ್ಷಣ ಮನುಷ್ಯರ ನಡಿಗೆ ಬದಲಾಗುತ್ತದೆ. ಅಲ್ಲಿಯವರೆಗೆ ಹೆಡ್‌ಸೆಟ್ ತೊಟ್ಟವರು ತಲೆಯನ್ನಷ್ಟೇ ಅತ್ತಿತ್ತ ತಿರುಗಿಸುತ್ತಿರುತ್ತಾರೆ, ಅಂಗಡಿಯ ಕನ್ನಡಿಯಲ್ಲಿ ಹೊಸ ಕನ್ನಡಕ ನೋಡಿಕೊಳ್ಳುವವರಂತೆ. ಒದ್ದೆ ಕಲ್ಲು ತಾಗಿದ್ದೇ ತಡ, ಕಾಲ್ಬೆರಳು ಮುದುಡುತ್ತವೆ, ಮಂಡಿ ಸ್ವಲ್ಪ ಬಾಗುತ್ತದೆ, ತೋಳು ಮೈಯಿಂದ ದೂರ ಸರಿಯುತ್ತದೆ. ಗೋಣಿಚೀಲದ ಬಳಿ ಬಂದ ಹೆಂಗಸರು ಸೀರೆಯ ನೆರಿಗೆ ಎತ್ತಿ ಹಿಡಿಯುತ್ತಿದ್ದರು. ಪ್ಯಾಂಟಿನ ತುದಿ ಮಡಚಲು ಬಗ್ಗಿದ ಗಂಡಸರನ್ನೂ ಕಂಡಿದ್ದೇನೆ. ಹೊಳೆಯಲ್ಲಿ ನೀರಿಲ್ಲ ಎನ್ನುವುದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಚಪ್ಪಲಿ ಬಿಟ್ಟು ಬಂದದ್ದು ನಮ್ಮ ಬಾಗಿಲಲ್ಲೇ. ಆದರೆ ಗೊತ್ತಿರುವುದು ತಲೆಗೆ, ಸೀರೆ ಎತ್ತುವುದು ಕೈ.

ಅತಿ ಹೆಚ್ಚು ಕೆಲಸ ಮಾಡಿದ್ದು ಹಲಗೆ. ಕಾಲುಸಂಕ ಮುರಿದ ಜಾಗದಲ್ಲಿ ನಾಲ್ಕು ಸೆಂಟಿಮೀಟರ್ ಎತ್ತರದ ಹಲಗೆಯೊಂದನ್ನು ನೆಲಕ್ಕೆ ಬಿಗಿದಿದ್ದೆ. ಅದರ ತುದಿಯಲ್ಲಿ ಬೆರಳು ಹೊರಚಾಚಿದಾಗ ಕಾಲಡಿ ಏನೂ ಇಲ್ಲ. ಇದು ನನ್ನ ಉಪಾಯವೆಂದು ಬೀಗುತ್ತಿದ್ದೆ. ಆಮೇಲೆ ಕಲಾವಿದೆ ತೋರಿಸಿದರು, ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದವರು 2000ದ ಆಸುಪಾಸಿನಲ್ಲೇ ಇದನ್ನು ಪರೀಕ್ಷಿಸಿ ಮುಗಿಸಿದ್ದಾರೆ ಎಂದು. ಅವರ ಕೋಣೆಯಲ್ಲಿ ಹೆಡ್‌ಸೆಟ್ ತೊಟ್ಟವರಿಗೆ ಸುಮಾರು 20 ಅಡಿ ಆಳದ ಗುಂಡಿ ಕಾಣುತ್ತಿತ್ತು. ಗುಂಡಿಯ ಅಂಚಿನಲ್ಲಿ ನಿಂತವರ ಎದೆಬಡಿತವನ್ನು ಅಳೆಯುತ್ತಿದ್ದರು. ಬರೀ ಸಮತಟ್ಟಾದ ನೆಲದ ಮೇಲೆ ನಿಂತಾಗಲೂ ಎದೆ ಜೋರಾಗಿ ಬಡಿಯುತ್ತಿತ್ತು. ಕಾಲ ಕೆಳಗೆ ಒಂದೂವರೆ ಇಂಚಿನ ನಿಜವಾದ ಮರದ ಅಂಚು ಇಟ್ಟರೆ ಇನ್ನೂ ಜೋರಾಗಿ ಬಡಿಯಿತು. ಇಪ್ಪತ್ತು ಅಡಿಯನ್ನು ಒಂದೂವರೆ ಇಂಚು ನಿಜ ಮಾಡುತ್ತದೆ. ನೇಪಥ್ಯದವರಿಗೆ ಇದು ಹೊಸ ಸಂಗತಿಯಲ್ಲ. ಇಡೀ ಅರಮನೆಯನ್ನು ಕಟ್ಟಬೇಕಾಗಿಲ್ಲ, ರಾಜ ಒರಗುವ ಒಂದು ಕಂಬ ಗಟ್ಟಿಯಾಗಿದ್ದರೆ ಸಾಕು. ಆ ಕಂಬ ಅಲ್ಲಾಡಿತೋ, ಅರಮನೆಯೇ ಕುಸಿಯಿತು.

ಕೈಯಲ್ಲಿ ಹಿಡಿಯುವ ಯಂತ್ರಗಳೂ ಇವೆಯಲ್ಲ, ಅವನ್ನು ಏಕೆ ಬಳಸಲಿಲ್ಲ ಎಂದು ಕೆಲವರು ಕೇಳುತ್ತಿದ್ದರು. ಹಿಡಿಕೆಯೊಳಗಿನ ಪುಟ್ಟ ಮೋಟರು ಅಂಗೈಯನ್ನು ನಡುಗಿಸಬಲ್ಲದು, ಅಷ್ಟೇ. ಮುಂದೆ ಹೋಗುವ ಕೈಯನ್ನು ತಡೆದು ನಿಲ್ಲಿಸಲಾರದು. ಭಾರ ಎಂದರೆ ತಡೆ. ತಡೆಯಬೇಕಾದರೆ ಎದುರಿಗೆ ಏನಾದರೂ ಇರಬೇಕು, ಅಥವಾ ಯಾರಾದರೂ.

ಈ ಕೆಲಸ ಹಿಡಿದ ಮೇಲೆ ಇದರ ಹಿಂದುಮುಂದನ್ನು ಓದತೊಡಗಿದೆ. ಮೊದಲು ಸಿಕ್ಕಿದ್ದು ಮಾರ್ಟನ್ ಹೈಲಿಗ್ ಎಂಬ ಅಮೆರಿಕದ ಛಾಯಾಗ್ರಾಹಕನ ‘ಸೆನ್ಸೊರಾಮಾ’. 1962ರಲ್ಲಿ ಪೇಟೆಂಟ್ ಪಡೆದ ಆ ಯಂತ್ರದ ಎದುರು ಕುಳಿತು ಮುಖ ಒಳಗಿಟ್ಟರೆ ಮೋಟರ್‌ಸೈಕಲ್ ಸವಾರಿ; ಆಸನ ನಡುಗುತ್ತದೆ, ಮುಖಕ್ಕೆ ಗಾಳಿ ಬೀಸುತ್ತದೆ, ರಸ್ತೆಯ ವಾಸನೆ ಬರುತ್ತದೆ. ಗಾಳಿ ಹಾಕಲು ಏನಿತ್ತು ಗೊತ್ತೇ? ಫ್ಯಾನು. ಅರವತ್ತು ವರ್ಷ ಕಳೆದಿದೆ, ಕಂಪ್ಯೂಟರುಗಳು ಎಲ್ಲಿಂದ ಎಲ್ಲಿಗೋ ಹೋಗಿವೆ, ಗಾಳಿಗೆ ಮಾತ್ರ ಇನ್ನೂ ಫ್ಯಾನೇ. ಇದನ್ನು ನಮ್ಮ ಫ್ಯಾನಿನ ಹುಡುಗನಿಗೆ ಹೇಳಿದಾಗ ಅವನಿಗೆ ಬಲು ಸಂತೋಷವಾಯಿತು.

ಆಮೇಲೆ ಕಲಾವಿದ ಜೆಫ್ರಿ ಶಾ ಅವರ 1989ರ ಸೈಕಲ್. ಹೆಡ್‌ಸೆಟ್ ಇಲ್ಲ, ಎದುರಿಗೆ ದೊಡ್ಡ ಪರದೆ. ನಿಂತಲ್ಲೇ ನಿಂತ ಸೈಕಲ್ಲಿನ ಪೆಡಲು ತುಳಿದರೆ ಪರದೆಯ ಮೇಲೆ ಮ್ಯಾನ್‌ಹಟನ್ನಿನ ಬೀದಿಗಳು ಸರಿಯುತ್ತವೆ, ಆದರೆ ಕಟ್ಟಡಗಳ ಜಾಗದಲ್ಲಿ ಮಹಡಿಯೆತ್ತರದ ಅಕ್ಷರಗಳು. ಬೀದಿಯಲ್ಲಿ ಹೋದಷ್ಟೂ ವಾಕ್ಯ ಮುಂದುವರಿಯುತ್ತದೆ. ತುಳಿಯುವುದು ನಿಲ್ಲಿಸಿದರೆ ಓದೂ ನಿಂತಿತು. ತೊಡೆ ನೋಯಿಸಿಕೊಂಡು ಓದುವ ಪುಸ್ತಕ! ಇದು ನನಗೆ ತುಂಬಾ ಹಿಡಿಸಿತು.

ಆದರೆ ನಿದ್ದೆಗೆಡಿಸಿದ್ದು ಕೆನಡಾದ ಚಾರ್ ಡೇವಿಸ್ ಅವರ ‘ಆಸ್ಮೋಸ್’. 1995ರಲ್ಲಿ ಮಾಂಟ್ರಿಯಲ್‌ನ ಸಮಕಾಲೀನ ಕಲೆಯ ಸಂಗ್ರಹಾಲಯದಲ್ಲಿ ತೋರಿಸಿದ ಕೃತಿ. ಡೇವಿಸ್ ಮೊದಲು ವರ್ಣಚಿತ್ರ ಬರೆಯುತ್ತಿದ್ದವರು, ಸಮುದ್ರದಲ್ಲಿ ಮುಳುಗು ಹಾಕುವ ಅಭ್ಯಾಸವಿದ್ದವರು. ಮುಳುಗುಗಾರರಿಗೆ ಉಸಿರೇ ಚುಕ್ಕಾಣಿ. ಎದೆ ತುಂಬ ಗಾಳಿ ಎಳೆದರೆ ಮೈ ಮೇಲೇಳುತ್ತದೆ, ಬಿಟ್ಟರೆ ಕೆಳಗಿಳಿಯುತ್ತದೆ. ಅದನ್ನೇ ಅವರು ಕಲೆಗೆ ತಂದರು. ನೋಡುಗರ ಎದೆಗೆ ಒಂದು ಕವಚ; ಅದು ಪಕ್ಕೆಲುಬು ಅರಳುವುದನ್ನೂ ಕುಗ್ಗುವುದನ್ನೂ ಅಳೆಯುತ್ತದೆ. ಉಸಿರೆಳೆದುಕೊಂಡರೆ ಮರದ ಕೊಂಬೆಗಳ ನಡುವೆ ಮೇಲಕ್ಕೆ, ಬಿಟ್ಟರೆ ಬೇರುಗಳ ನಡುವೆ ಮಣ್ಣಿನೊಳಕ್ಕೆ. ಮುಂದೆ ಬಾಗಿದರೆ ಮುಂದಕ್ಕೆ ತೇಲುತ್ತಾರೆ. ಕೈಯಲ್ಲಿ ಹಿಡಿಯಲು ಏನೂ ಇಲ್ಲ. ಹಿಡಿಯುವುದು, ಗುರಿ ಇಡುವುದು, ಒತ್ತುವುದು ಇವೆಲ್ಲ ಬೇಡವೆಂದೇ ಅವರು ಉಸಿರನ್ನು ಆರಿಸಿಕೊಂಡದ್ದು. ಸುಮಾರು ಹದಿನೈದು ನಿಮಿಷ. ಹೊರಬಂದ ಕೆಲವರು ಅತ್ತರಂತೆ.

ಅಳು ಏಕೆ ಬಂದಿರಬಹುದು ಎಂದು ನನ್ನದೇ ಒಂದು ಊಹೆ ಇದೆ. ಅವಸರದಲ್ಲಿದ್ದವರು ಆ ಲೋಕದಲ್ಲಿ ಎಲ್ಲಿಗೂ ಹೋಗಲಾರರು. ಏದುಸಿರು ಬಿಟ್ಟರೆ ಮೇಲೆ ಕೆಳಗೆ ಜೋಲಿ ಹೊಡೆಯುತ್ತಾ ಇದ್ದಲ್ಲೇ ಇರುತ್ತಾರೆ. ನಿಧಾನವಾಗಿ ಉಸಿರಾಡಲೇಬೇಕು. ಎಷ್ಟೋ ಮಂದಿ ಕಾಲು ಗಂಟೆ ನಿಧಾನವಾಗಿ ಉಸಿರಾಡಿ ವರ್ಷಗಳೇ ಆಗಿರುತ್ತವೆ.

ಅದಕ್ಕಿಂತಲೂ ನನ್ನನ್ನು ತಡೆದು ನಿಲ್ಲಿಸಿದ್ದು ಡೇವಿಸ್ ಮಾಡಿದ ಇನ್ನೊಂದು ಏರ್ಪಾಡು. ಒಳಗೆ ಒಬ್ಬರೇ. ಹೊರಗೆ ಕತ್ತಲಲ್ಲಿ ಉಳಿದವರು ಕುಳಿತಿರುತ್ತಾರೆ. ಅವರಿಗೆ ಒಂದು ಪರದೆಯ ಮೇಲೆ ಒಳಗಿನವರು ನೋಡುತ್ತಿರುವ ಲೋಕ ಕಾಣುತ್ತದೆ. ಇನ್ನೊಂದು ಬೆಳಕು ತೂರುವ ಪರದೆಯ ಮೇಲೆ ಒಳಗಿನವರ ನೆರಳು, ಆಳೆತ್ತರ, ಬಾಗುತ್ತಾ ತೊನೆಯುತ್ತಾ. ಉಸಿರಾಡುವ ಮೈ ಕೂಡ ಕಲಾಕೃತಿಯ ಅರ್ಧ ಭಾಗ ಎಂದು ಆ ಕಲಾವಿದೆಗೆ ಗೊತ್ತಿತ್ತು. ಆ ದಿನಗಳಲ್ಲಿ ಈ ಲೋಕವನ್ನು ನಡೆಸಲು ಕಪಾಟಿನ ಗಾತ್ರದ ಕಂಪ್ಯೂಟರ್ ಬೇಕಿತ್ತು. ಈಗ ಅದೆಲ್ಲ ಹಣೆಯ ಮೇಲೇ ಕೂರುತ್ತದೆ. ಆದರೆ ಆ ನೆರಳಿನ ಪರದೆಯನ್ನು ಮಾತ್ರ ಹೆಚ್ಚಿನವರು ಕೈಬಿಟ್ಟಿದ್ದಾರೆ. ನಮ್ಮಲ್ಲೂ ಇರಲಿಲ್ಲ. ಸರದಿಯಲ್ಲಿ ಕಾಯುವವರಿಗೆ ಕಾಣುತ್ತಿದ್ದದ್ದು ಮುಚ್ಚಿದ ಬಾಗಿಲು.

ನನಗೆ ಕಾಣುತ್ತಿತ್ತು. ಅದೇ ಈ ಕೆಲಸದ ನಿಜವಾದ ಸಂಬಳ. ಮೈ ತುಂಬಿದ ಒಬ್ಬ ಗಂಭೀರ ಮನುಷ್ಯರು ಇಲ್ಲದ ಕೊಂಬೆಗೆ ತಲೆ ತಾಗೀತೆಂದು ಕೋಣೆಯ ಉದ್ದಕ್ಕೂ ಕುಕ್ಕುರುಗಾಲಲ್ಲಿ ನಡೆದರು. ಶಾಲೆಯ ಹುಡುಗಿಯೊಬ್ಬಳು ಹಗ್ಗ ಹಿಡಿದ ಕೂಡಲೇ ಹಗ್ಗದ ಕಡೆ ಬಾಗಿ, ‘ಅಜ್ಜಿ, ಬಿಡಬೇಡಿ’ ಎಂದಳು. ಮಾತಾಡಬಾರದೆಂಬ ನಿಯಮವಿದ್ದುದರಿಂದ ನಾನು ಮಾತಾಡಲಿಲ್ಲ. ಹಗ್ಗವನ್ನು ಇನ್ನೂ ಗಟ್ಟಿಯಾಗಿ ಹಿಡಿದೆ. ಅವಳಿಗೆ ತಿಳಿಯಿತು, ಭುಜ ಇಳಿಯಿತು. ಮನುಷ್ಯರು ತಮ್ಮನ್ನು ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ಎಷ್ಟು ಚೆಂದ ಇರುತ್ತಾರೆ! ಹೆಡ್‌ಸೆಟ್ ತೆಗೆದ ಮೇಲೆ ಇನ್ನೊಂದು ಅರ್ಧ ನಿಮಿಷ ಆ ಮುಖ ಹಾಗೇ ಇರುತ್ತದೆ, ಕೆನ್ನೆಯ ಮೇಲೆ ಸ್ಪಂಜಿನ ಗೆರೆ ಸಮೇತ. ಆಮೇಲೆ ಕೂದಲು ಸರಿಮಾಡಿಕೊಂಡು ಮೊಬೈಲ್ ನೋಡುತ್ತಾರೆ. ಮುಗಿಯಿತು.

ಎಲ್ಲರಿಗೂ ಚೆನ್ನಾಗಿಯೇ ಆಗುತ್ತಿತ್ತು ಎಂದಲ್ಲ. ಕೆಲವರಿಗೆ ಮೂರನೆಯ ನಿಮಿಷಕ್ಕೇ ವಾಕರಿಕೆ. ಕಣ್ಣು ‘ಸಾಗುತ್ತಿದ್ದೇನೆ’ ಎನ್ನುತ್ತದೆ, ಒಳಗಿವಿಯಲ್ಲಿರುವ ಸಮತೋಲದ ಅಂಗ ‘ಇಲ್ಲ, ನಿಂತಲ್ಲೇ ಇದ್ದೀಯ’ ಎನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ಬಡವಾಗುತ್ತದೆ. ತಲೆ ತಿರುಗಿಸಿದ್ದಕ್ಕೂ ಚಿತ್ರ ತಿರುಗಿದ್ದಕ್ಕೂ ನಡುವೆ ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ತಡವಾದರೂ ಮೈ ದೂರು ಹೇಳಲು ಶುರುಮಾಡುತ್ತದೆಯಂತೆ. ನಮ್ಮಲ್ಲಿ ತೊಂದರೆ ಕಡಿಮೆಯಿದ್ದುದಕ್ಕೆ ಕಾರಣ, ನೋಡುಗರು ತಮ್ಮದೇ ಕಾಲಿನಿಂದ ನಡೆಯುತ್ತಿದ್ದರು. ನಡೆಯುವ ಮೈಯೂ ನೋಡುವ ಕಣ್ಣೂ ಒಂದೇ ಮಾತು ಆಡುತ್ತಿದ್ದವು.

ಆದರೂ ಏಳು ಮೀಟರ್ ಕೋಣೆಯಲ್ಲಿ ಹೊಳೆಯ ದಡದ ಉದ್ದಕ್ಕೂ ನಡೆಸುವುದು ಹೇಗೆ? ಇದಕ್ಕೆ ಒಂದು ಕಣ್ಕಟ್ಟಿದೆ. ಇದನ್ನು 2001ರಲ್ಲಿ ಮೊದಲು ವಿವರಿಸಿದವರೂ ಅದೇ ನಾರ್ತ್ ಕೆರೊಲಿನಾದವರು. ನೋಡುಗರ ಬೆನ್ನ ಹಿಂದೆ ಗೂಬೆ ಕೂಗುತ್ತದೆ. ಅವರು ತಿರುಗುತ್ತಾರೆ. ತಲೆ ತಿರುಗುತ್ತಿರುವಾಗಲೇ ಅವರ ಲೋಕವನ್ನೂ ಒಂದಿಷ್ಟು ಹೆಚ್ಚಾಗಿ ತಿರುಗಿಸಿಬಿಟ್ಟರೆ ಗೊತ್ತಾಗುವುದಿಲ್ಲ. ನೇರ ನಡೆದೆ ಎಂದುಕೊಂಡವರು ವಾಸ್ತವದಲ್ಲಿ ಕೋಣೆಯನ್ನು ಸುತ್ತು ಹಾಕಿರುತ್ತಾರೆ. ಬರೀ ನಡಿಗೆಯನ್ನೇ ಬಾಗಿಸಿ, ಸಂಶಯವೇ ಬಾರದ ಹಾಗೆ ವೃತ್ತದಲ್ಲಿ ಸುತ್ತಿಸಬೇಕಾದರೆ 22 ಮೀಟರ್ ತ್ರಿಜ್ಯದಷ್ಟು ಜಾಗ ಬೇಕೆಂದು 2010ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಅಷ್ಟು ಜಾಗ ನಮಗೆಲ್ಲಿಂದ? ನಮ್ಮ ಗೂಬೆ ಒಂದು ಪ್ರದರ್ಶನಕ್ಕೆ ಐದು ಸಲ ಕೂಗುತ್ತಿತ್ತು. ಗೂಬೆಗಳು ಅತಿಯಾದವು ಎಂದು ಅಭಿಪ್ರಾಯ ಪುಸ್ತಕದಲ್ಲಿ ಬರೆದವರಿದ್ದಾರೆ.

ಇನ್ನು ಬಂಡೆಯ ಕಥೆ. ಇದು ಹೇಳಲೇಬೇಕಾದದ್ದು.

ದಡದಲ್ಲಿ ಕಲಾವಿದೆ ಒಂದು ಬಂಡೆ ಚಿತ್ರಿಸಿದ್ದರು. ಅಂದಕ್ಕೆ ಇಟ್ಟದ್ದು. ಕೋಣೆಯ ಆ ಜಾಗದಲ್ಲಿ ಏನೂ ಇರಲಿಲ್ಲ. ‘ಜನ ಅದರ ಮೇಲೆ ಕೂರುತ್ತಾರೆ’ ಎಂದು ನಾನು ಮೊದಲ ವಾರವೇ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೆಯ ತಿಂಗಳು, ಪ್ರದರ್ಶನ ನಡೆಸುವವರು ನಾಲ್ವರ ಕೆಲಸ ಮೂವರು ಮಾಡಬಹುದೆಂದು ಲೆಕ್ಕ ಹಾಕಿ, ಹಿಂದೆ ನಡೆಯುವ ಹುಡುಗನನ್ನು ತೆಗೆದುಹಾಕಿದರು. ನಾಲ್ಕನೆಯ ದಿನಕ್ಕೆ, ವಯಸ್ಸಾದವರೊಬ್ಬರು ಹೊಳೆ ದಾಟುವ ಮುನ್ನ ಸುಧಾರಿಸಿಕೊಳ್ಳೋಣವೆಂದು ಆ ಬಂಡೆಯ ಮೇಲೆ ಕುಳಿತರು. ಗಾಳಿಯ ಮೇಲೆ. ನಾನು ಹಗ್ಗ ಬಿಟ್ಟು ಎದ್ದೆ, ಆದರೆ ನನ್ನ ಮಂಡಿಗಳು ಎದ್ದ ವೇಗ ನಿಮಗೆ ಗೊತ್ತಿಲ್ಲ. ಅವರು ನೆಲಕ್ಕೆ ಬಿದ್ದರು. ಮೂಳೆ ಮುರಿಯಲಿಲ್ಲ, ನೋವಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ತಪ್ಪು ತಮ್ಮದೇ ಎಂಬಂತೆ ‘ಕ್ಷಮಿಸಿ, ಬಂಡೆ ಇದೆ ಅಂದುಕೊಂಡೆ’ ಎಂದು ನಮ್ಮ ಕ್ಷಮೆ ಕೇಳಿದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಬಂಡೆ ಇದೆ ಎಂದು ನಂಬಿಸಲು ನಾವು ಹಗಲಿರುಳು ದುಡಿದಿದ್ದೆವು. ಅವರು ನಂಬಿದ್ದರು.

ಆ ರಾತ್ರಿ ಬಂಡೆ ಮಾಡಿದೆ. ಮರದ ಪೆಟ್ಟಿಗೆ, ಮೇಲೆ ಫೋಮು, ಅದರ ಮೇಲೆ ಗೋಣಿ, ಗೋಣಿಯ ಮೇಲೆ ಸಿಮೆಂಟಿನ ತೆಳುವಾದ ಲೇಪ. ಕಂಪ್ಯೂಟರಿನ ಹುಡುಗಿ ಹೆಡ್‌ಸೆಟ್ ತೊಟ್ಟು ಬೆರಳು ತೋರಿಸುತ್ತಾ ‘ಇನ್ನೂ ಎಡಕ್ಕೆ, ಇನ್ನೂ ಎಡಕ್ಕೆ’ ಎಂದು ಹೇಳಿದಂತೆ ತಳ್ಳಿ ಕೂರಿಸಿದೆವು. ಕಣ್ಣಿನ ಬಂಡೆಗೂ ಕೈಯ ಬಂಡೆಗೂ ಎರಡು ಬೆರಳಿನ ವ್ಯತ್ಯಾಸ ಉಳಿಯಿತು, ಯಾರಿಗೂ ಗೊತ್ತಾಗಲಿಲ್ಲ. ಹಿಂದೆ ನಡೆಯುವ ಹುಡುಗನೂ ವಾಪಸಾದ. ಆಮೇಲೆ ಹೊಸ ಪೀಕಲಾಟ: ಜನ ಕುಳಿತರೆ ಏಳುವುದೇ ಇಲ್ಲ! ಹೊಳೆಯ ಸದ್ದು ಕೇಳುತ್ತಾ, ಮುಖಕ್ಕೆ ತಂಗಾಳಿ ಬಿಡಿಸಿಕೊಳ್ಳುತ್ತಾ ಹಾಯಾಗಿ ಕುಳಿತುಬಿಡುವರು. ಹನ್ನೊಂದು ನಿಮಿಷದ ಕೃತಿ ಹದಿನೈದಾಯಿತು, ಹೊರಗೆ ಸರದಿ ಬೆಳೆಯಿತು. ಕಲಾವಿದೆ ಎರಡು ದಿನ ಯೋಚಿಸಿ ಮುದುಕಿಯ ಆಟವನ್ನು ಬದಲಿಸಿದರು. ನೋಡುಗರು ಬಂಡೆಯ ಮೇಲೆ ಕುಳಿತಷ್ಟು ಹೊತ್ತು ಅವಳೂ ಆಚೆ ದಡದಲ್ಲಿ ಕುಳಿತಿರುತ್ತಾಳೆ. ಅವರು ಎದ್ದ ಮೇಲೆಯೇ ಲಾಟೀನು ಎತ್ತುತ್ತಾಳೆ. ಇಡೀ ಕೃತಿಯಲ್ಲಿ ಅತ್ಯಂತ ಒಳ್ಳೆಯ ಭಾಗ ಅದೇ ಎಂದು ಆಮೇಲೆ ಎಲ್ಲರೂ ಹೇಳಿದರು. ಬಿದ್ದವರಿಗೆ ಅದನ್ನು ತಿಳಿಸಬೇಕೆಂದು ನನಗೆ ಆಸೆಯಿತ್ತು, ವಿಳಾಸ ಸಿಗಲಿಲ್ಲ.

ಮೈಯನ್ನು ಒಳಗೊಳ್ಳುವ ಕಲೆಗೆ ಈ ಹೊಣೆ ತಪ್ಪಿದ್ದಲ್ಲ. ಮೆಕ್ಸಿಕೊದ ನಿರ್ದೇಶಕ ಅಲೆಹಾಂದ್ರೊ ಇನ್ಯಾರಿತು 2017ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ‘ಕಾರ್ನೆ ಇ ಅರೇನಾ’ ತೋರಿಸಿದರು. ಮಾಂಸ ಮತ್ತು ಮರಳು ಎಂದು ಅರ್ಥ. ಅಮೆರಿಕದ ಗಡಿ ದಾಟುವ ವಲಸಿಗರ ಕಥೆ. ಮೊದಲು ಒಂದು ಕೊರೆಯುವ ಚಳಿಯ ಕೋಣೆಯಲ್ಲಿ ಒಬ್ಬರೇ ಕೂರಬೇಕು. ಸುತ್ತ ಗಡಿಯಲ್ಲಿ ಸಿಕ್ಕ ಪಾದರಕ್ಷೆಗಳು. ತಮ್ಮ ಬೂಟು, ಕಾಲುಚೀಲ ಬಿಚ್ಚಿಡಬೇಕು. ಕರೆ ಬಂದಾಗ ಬರಿಗಾಲಲ್ಲಿ ದೊಡ್ಡ ಕತ್ತಲ ಕೋಣೆಗೆ, ಮರಳಿನ ಮೇಲೆ. ಅಲ್ಲಿ ಸಹಾಯಕರು ಬೆನ್ನಿಗೆ ಚೀಲ, ಕಣ್ಣಿಗೆ ಹೆಡ್‌ಸೆಟ್ ಕಟ್ಟುತ್ತಾರೆ. ಆರೂವರೆ ನಿಮಿಷ ಮರುಭೂಮಿಯ ರಾತ್ರಿ, ತಲೆಯ ಮೇಲೆ ಹೆಲಿಕಾಪ್ಟರ್, ಬಂದೂಕು ಹಿಡಿದ ಗಡಿ ಕಾವಲುಗಾರರು. ವಲಸಿಗರ ಮೈಯೊಳಗೇ ನಡೆದುಹೋದರೆ ಅವರ ಹೃದಯ ಬಡಿಯುವುದು ಕಾಣುತ್ತದೆ. ಆ ಕೃತಿಗೆ ಅದೇ ವರ್ಷ ವಿಶೇಷ ಆಸ್ಕರ್ ಸಿಕ್ಕಿತು. ನಾನು ಅದನ್ನು ನೋಡಿಲ್ಲ, ನೋಡಿದವರು ಬರೆದದ್ದನ್ನು ಓದಿದ್ದೇನೆ. ಅವರೆಲ್ಲ ಮರಳಿನ ಬಗ್ಗೆ, ಚಳಿಯ ಬಗ್ಗೆ, ಬಿಚ್ಚಿಟ್ಟ ಬೂಟಿನ ಬಗ್ಗೆ ಬರೆದಿದ್ದಾರೆ. ಬೆನ್ನಿಗೆ ಚೀಲ ಕಟ್ಟಿದ ಕೈ ಹೇಗಿತ್ತು ಎಂದು ಬರೆದವರು ಬಹಳ ಕಡಿಮೆ. ನನ್ನ ವೃತ್ತಿಯ ಕಾರಣಕ್ಕೆ ನಾನು ಅದನ್ನೇ ಹುಡುಕುತ್ತೇನೆ.

ಆ ಕೈಗಳ ಬಗ್ಗೆ ಗಂಭೀರವಾಗಿ ಯೋಚಿಸಿದವರು ಕಲಾವಿದರಲ್ಲ, ಜರ್ಮನಿಯ ಪಾಟ್ಸ್‌ಡಾಮ್‌ನ ಕೆಲವು ಸಂಶೋಧಕರು. 2014ರಲ್ಲಿ ಅವರು ಒಂದು ವ್ಯವಸ್ಥೆ ಮಾಡಿದರು: ಹಾರಾಟದ ಅನುಭವ ಕೊಡಲು ದುಬಾರಿ ಯಂತ್ರದ ಬದಲು ನಾಲ್ವರು ಮನುಷ್ಯರು ಹೆಡ್‌ಸೆಟ್ ತೊಟ್ಟವರನ್ನು ಅನಾಮತ್ತಾಗಿ ಎತ್ತಿ ಓಲಾಡಿಸುತ್ತಾರೆ. ಮರುವರ್ಷ ಇನ್ನೂ ದೊಡ್ಡದು. ಹತ್ತು ಮಂದಿ ಸಹಾಯಕರು ಬಾಗಿಲು, ಮೆಟ್ಟಿಲು, ಗೋಡೆಗಳನ್ನು ಹೊತ್ತು ಓಡಾಡುತ್ತಾ, ನೋಡುಗರ ಕೈ ತಲುಪುವ ಜಾಗದಲ್ಲಿ ಕೈ ತಲುಪುವ ಹೊತ್ತಿಗೆ ಸರಿಯಾಗಿ ಇಡುತ್ತಾರೆ. 25 ಚದರ ಮೀಟರ್ ಕೋಣೆಯಲ್ಲಿ 300 ಚದರ ಮೀಟರ್ ಲೋಕ. ಓದುತ್ತಾ ನಾನು ನಕ್ಕೆ. ಇದು ನಮ್ಮ ನೇಪಥ್ಯವಲ್ಲದೆ ಮತ್ತೇನು? ದೃಶ್ಯ ಬದಲಾಗುವ ಕತ್ತಲಲ್ಲಿ ಸಿಂಹಾಸನ ಹೊತ್ತು ಓಡಿದ ನನ್ನ ಹೆಗಲಿಗೆ ಕೊನೆಗೂ ಒಂದು ವೈಜ್ಞಾನಿಕ ಹೆಸರು ಸಿಕ್ಕಂತಾಯಿತು. ಈ ವ್ಯವಸ್ಥೆಗಳಿಗೆಲ್ಲ ಅವರು ‘ಟರ್ಕ್’ ಎಂದು ಹೆಸರಿಟ್ಟಿದ್ದಾರೆ. 1770ರಲ್ಲಿ ವಿಯೆನ್ನಾದಲ್ಲಿ ತೋರಿಸಿದ ಚದುರಂಗದ ಯಂತ್ರಮಾನವನ ಹೆಸರು ಅದು. ಯಂತ್ರವೇ ಆಡುತ್ತದೆಂದು ಜನ ಬೆರಗಾಗಿದ್ದರು. ಪೆಟ್ಟಿಗೆಯೊಳಗೆ ಒಬ್ಬ ಮನುಷ್ಯ ಮುದುಡಿ ಕುಳಿತಿದ್ದ.

2017ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಹೋಯಿತು. ಸಹಾಯಕರೇ ಬೇಡ, ಇಬ್ಬರು ನೋಡುಗರು ಸಾಕು. ಇಬ್ಬರಿಗೂ ಹೆಡ್‌ಸೆಟ್, ಬೇರೆ ಬೇರೆ ಲೋಕ, ಕೈಯಲ್ಲಿ ಒಂದೇ ವಸ್ತುವಿನ ಎರಡು ತುದಿ. ಒಬ್ಬರು ಬಿರುಗಾಳಿಯಲ್ಲಿ ಗಾಳಿಪಟ ಸಂಭಾಳಿಸುತ್ತಿದ್ದಾರೆ, ಇನ್ನೊಬ್ಬರು ಕೊಳದಿಂದ ಮೀನು ಎಳೆಯುತ್ತಿದ್ದಾರೆ. ಒಬ್ಬರ ಬಿರುಗಾಳಿ ಇನ್ನೊಬ್ಬರ ಮೀನು. ಎಷ್ಟು ಜಾಣತನದ ಉಪಾಯ! ಮೆಚ್ಚಿದೆ. ಆದರೆ ಆಚೆ ತುದಿಯಲ್ಲಿ ಮನುಷ್ಯರಿದ್ದಾರೆಂಬುದು ಇಬ್ಬರಿಗೂ ತಿಳಿಯದಂತೆ ಮುಚ್ಚಿಡುವುದೂ ಆ ಉಪಾಯದ ಭಾಗ. ಅಲ್ಲಿ ನನಗೆ ಕಸಿವಿಸಿಯಾಯಿತು. ಮನುಷ್ಯರನ್ನು ಮೀನು ಮಾಡಿ ತೋರಿಸುವುದು ಏಕೆ ಎಂದು ಕಲಾವಿದೆಯ ಬಳಿ ವಾದಕ್ಕಿಳಿದೆ. ‘ನೀವು ಮೂವತ್ತು ವರ್ಷ ತೆರೆಯ ಹಿಂದೆ ಬಚ್ಚಿಟ್ಟುಕೊಂಡೇ ಕೆಲಸ ಮಾಡಿದ್ದೀರಲ್ಲ ಅಕ್ಕಾ, ಆಗ ಇಲ್ಲದ ಸಿಟ್ಟು ಈಗೇಕೆ?’ ಎಂದರು. ಅದು ನಿಜವೇ. ಆದರೆ ನಾಟಕದಲ್ಲಿ ತೆರೆ ಇದೆ ಎನ್ನುವುದು ಎಲ್ಲರಿಗೂ ಗೊತ್ತು, ತೆರೆಯ ಹಿಂದೆ ಯಾರೋ ಇದ್ದಾರೆ ಎನ್ನುವುದೂ ಗೊತ್ತು. ಹೀಗೆಂದು ಹೇಳಲು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಕೊನೆಯ ದಿನ ಸಂಜೆ, ನೋಡುಗರೆಲ್ಲ ಹೋದ ಮೇಲೆ, ನನ್ನನ್ನು ಒಳಗೆ ಕಳಿಸಿದರು. ಅಲ್ಲಿಯವರೆಗೆ ತಪ್ಪಿಸಿಕೊಳ್ಳುತ್ತಲೇ ಬಂದಿದ್ದೆ. ಪರಿಕರದವಳು ಪ್ರೇಕ್ಷಕರ ಸಾಲಿನಲ್ಲಿ ಕುಳಿತರೆ ತನ್ನ ತಪ್ಪುಗಳೇ ಕಾಣುತ್ತವೆ. ಹಿಂದೆ ನಡೆಯುವ ಹುಡುಗ ಹೆಡ್‌ಸೆಟ್‌ನ ಪಟ್ಟಿ ಬಿಗಿದ. ಎರಡು ಕಣ್ಣಿನ ನಡುವಿನ ಅಂತರಕ್ಕೆ ಗಾಜುಗಳನ್ನು ಸರಿಹೊಂದಿಸಿದ. ನಾನೇ ನೂರಾರು ಜನಕ್ಕೆ ಮಾಡಿದ ಕೆಲಸವನ್ನು ಬೇರೆಯವರು ನನಗೆ ಮಾಡುವಾಗ ಮುಜುಗರವಾಯಿತು. ಫ್ಯಾನಿನ ಹುಡುಗ ನನ್ನ ಮಣೆಯ ಮೇಲೆ ಹಗ್ಗ ಹಿಡಿದು ಕುಳಿತ.

ಹೊಳೆ ಚೆನ್ನಾಗಿತ್ತು, ನಾನು ಊಹಿಸಿದ್ದಕ್ಕಿಂತ ಅಗಲವಾಗಿತ್ತು. ಜಲ್ಲಿ ನಾನು ತೊಳೆದು ಹರವಿದ್ದೇ, ಆದರೂ ಕಾಲು ಮುದುಡಿತು. ಬಂಡೆಯ ಮೇಲೆ ಕುಳಿತೆ. ಆಚೆ ದಡದಲ್ಲಿ ಮುದುಕಿಯೂ ಕುಳಿತಿದ್ದಳು. ನಾಲ್ಕು ತಿಂಗಳು ನನ್ನ ಬದಲಿಗೆ ಕಾಣಿಸಿಕೊಂಡವಳು! ನನಗಿಂತ ತೆಳ್ಳಗಿದ್ದಳು. ಎದ್ದೆ, ಅವಳು ಲಾಟೀನು ಎತ್ತಿದಳು. ಹಲಗೆಯ ತುದಿಗೆ ಬಂದೆ. ಅದು ನಾಲ್ಕು ಸೆಂಟಿಮೀಟರ್ ಎಂದು ನನಗೆ ಗೊತ್ತು, ಅದಕ್ಕೆ ಹೊಡೆದ ಮೊಳೆಗಳ ಲೆಕ್ಕವೂ ಗೊತ್ತು. ಅದಕ್ಕೇ ಇರಬೇಕು, ನನಗೆ ಹೆದರಿಕೆಯಾಗಲಿಲ್ಲ. ತುಸು ನಿರಾಸೆಯಾಯಿತು ಎಂದೇ ಹೇಳಬೇಕು.

ಆಮೇಲೆ ಹಗ್ಗ ಕೈಗೆ ಬಂತು. ಮುದುಕಿ ಎಳೆದಳು. ಲಯವಾಗಿ, ಒಂದು, ಎರಡು, ಮೂರು. ಮೂರನೆಯ ಎಳೆತದ ನಂತರ ಹಗ್ಗದಲ್ಲಿ ಒಂದು ಸಣ್ಣ ಅದುರು. ಕಣ್ಣಿನ ಮುಂದಿನ ಮುದುಕಿಯ ಕೈ ಅದುರಲಿಲ್ಲ, ಹಗ್ಗ ಅದುರಿತು. ಮತ್ತೆ ಒಂದು, ಎರಡು, ಮೂರು, ಅದೇ ಅದುರು. ಬಲಗೈಯಿಂದ ಎಡಗೈಗೆ ಹಿಡಿತ ಬದಲಾಗುವಾಗ ಆಗುವಂಥದ್ದು. ಅಲ್ಲಿಗೆ ನನ್ನ ಹೊಳೆ ಬತ್ತಿತು. ಕಣ್ಣು ಇನ್ನೂ ನೀರು ತೋರಿಸುತ್ತಿತ್ತು, ಲಾಟೀನು ಉರಿಯುತ್ತಿತ್ತು. ಆದರೆ ನನ್ನ ಕೈಯಲ್ಲಿದ್ದದ್ದು ಆ ಹುಡುಗ, ಆಚೆ ತುದಿಯಲ್ಲಿ ಮಣಿಕಟ್ಟು ನೋಯಿಸಿಕೊಂಡು ಕುಳಿತವನು. ನಾನು ಎಳೆತ ಕಡಿಮೆ ಮಾಡಿದೆ. ಅವನಿಗೆ ಭಾರವಾಗದಂತೆ, ಹಗ್ಗಕ್ಕಿಂತ ಒಂದು ಹೆಜ್ಜೆ ಮುಂದೆಯೇ ನಡೆದು ದಡ ಸೇರಿದೆ.

ಹೆಡ್‌ಸೆಟ್ ತೆಗೆದ ಕೂಡಲೇ ಅವನು ಎದ್ದು ಬಂದ.

‘ಹೇಗಿತ್ತು ಅಕ್ಕಾ?’

‘ಬಲಗೈ ಮಣಿಕಟ್ಟಿಗೆ ಏನಾಗಿದೆ?’

ಅವನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಮೊನ್ನೆ ಪೆಟ್ಟಿಗೆ ಇಳಿಸುವಾಗ ಉಳುಕಿತ್ತಂತೆ. ಹೇಳಿದರೆ ಕೆಲಸದಿಂದ ಬಿಡಿಸುತ್ತಾರೆಂದು ಹೇಳಿರಲಿಲ್ಲ.

‘ನಿಮಗೆ ಹೇಗೆ ಗೊತ್ತಾಯಿತು? ನಾನು ಕಾಣಿಸುತ್ತಿರಲಿಲ್ಲವಲ್ಲ’ ಎಂದ.

ಹಗ್ಗ ಸುತ್ತಿಡಲು ಅವನಿಗೆ ಬಿಡಲಿಲ್ಲ. ನಾನೇ ಸುತ್ತಿದೆ.